ಕೊನೆಯ ಗುಂಡಿ ಮೊದಲು

ನಾನು ಲೇಬಲ್ ಹೊಲಿಯುವವಳು.
ಪೀಣ್ಯ ಎರಡನೇ ಹಂತ, ಒಂಬತ್ತನೇ ಲೈನು,
ಗಂಟೆಗೆ ತೊಂಬತ್ತು ಕಾಲರು.
ಕಂಡರಿಯದ ಊರಿನ ಕುತ್ತಿಗೆಗಳಿಗೆ
ಕಂಪನಿಯ ಹೆಸರು ಹಚ್ಚಿ ಮುಂದಕ್ಕೆ ತಳ್ಳುತ್ತೇನೆ.
ಸಂಜೆ ಮನೆಗೆ ಬಂದು
ಮಗನ ಅಂಗಿಯಿಂದ ಅದನ್ನೇ ಬಿಚ್ಚುತ್ತೇನೆ,
ಒಂದು ಎಳೆ ದಾರವೂ ಉಳಿಯದ ಹಾಗೆ.
ಉಳಿದರೆ ಅವನಿಗೆ ಮುಳ್ಳು.
ಉಳಿದರೆ ಲಗ್ಗೆರೆಯ ನಮ್ಮ ವಠಾರಕ್ಕೆಲ್ಲ ಅಳು.

ಹೆಸರು ಧೀಮಂತ. ವಯಸ್ಸು ಎಂಟು.
ಹೆಸರು ಕೇಳಿ ನಕ್ಕವರ ಲೆಕ್ಕ ಇಟ್ಟಿಲ್ಲ.
ಮೊದಲು ಹೋದ ಸೆಂಟರಿನಲ್ಲಿ
ಗಲ್ಲ ಹಿಡಿದೆತ್ತಿ, ನನ್ನ ಕಣ್ಣು ನೋಡು, ನೋಡು ಅಂದರು.
ಅವನು ಬೆರಳು ಕಚ್ಚಿದ.
ಫೀಸು ವಾಪಸ್ ಬರಲಿಲ್ಲ. ನಾವು ಬಂದೆವು.

ನುಸ್ರತ್ ಮೇಡಂ ಇರುವುದು ಜಾಲಹಳ್ಳಿ ಕ್ರಾಸಿನಲ್ಲಿ,
ಮೆಡಿಕಲ್ ಶಾಪಿನ ಮೇಲೆ, ಫ್ಯಾನು ನಿಲ್ಲಿಸಿದ ಕೋಣೆ.
ಫ್ಯಾನು ತಿರುಗಿದರೆ ಇವನು ಅದರೊಳಗೇ ತಿರುಗುತ್ತಾನೆ.
ಅವರು ಕಾಗದದ ಮೇಲೆ ಅಂಗಿಯನ್ನು ಬಿಡಿಸಿಟ್ಟರು:
ತೋಳು ಹುಡುಕುವುದು, ಕೈ ತೂರುವುದು,
ಬೆನ್ನ ಹಿಂದಿನಿಂದ ಎಳೆದುಕೊಳ್ಳುವುದು,
ಎರಡು ಅಂಚು ಸೇರಿಸುವುದು, ಗುಂಡಿ ಹಿಡಿಯುವುದು,
ಕಾಜಕ್ಕೆ ತಾಗಿಸುವುದು, ಅರ್ಧ ತಳ್ಳುವುದು, ಆಚೆಯಿಂದ ಎಳೆಯುವುದು.
"ತುಂಬಾ ಆಯ್ತಾ?" ಎಂದರು.
ನನಗೆ ನಗು ಬಂತು.
ಮೇಡಂ, ನಮ್ಮಲ್ಲಿ ಒಂದು ಶರಟಿಗೆ ನಲವತ್ತೆರಡು ಆಪರೇಶನ್ನು.
ಒಬ್ಬರಿಗೂ ಇಡೀ ಅಂಗಿ ಹೊಲಿಯಲು ಬರುವುದಿಲ್ಲ.

ಆದರೆ ಅವರು ಶುರುಮಾಡಿದ್ದು ಕೊನೆಯಿಂದ.
ಎಲ್ಲ ನೀವೇ ಹಾಕಿ,
ಅರ್ಧ ತೂರಿದ ಕೊನೆಯ ಗುಂಡಿಯನ್ನು ಮಾತ್ರ ಬಿಡಿ.
ಅದನ್ನು ಅವನು ಎಳೆಯಲಿ. ಮುಗಿಸಿದವನು ಅವನಾಗಲಿ.

ಎಳೆದ, ಹನ್ನೊಂದನೇ ದಿನ.
ಎಳೆದದ್ದಕ್ಕೆ ಒಂದು ಖಾಲಿ ಬಾಬಿನ್,
ನೆಲದ ಮೇಲೆ ಬುಗುರಿಯಂತೆ ತಿರುಗಿಸಲು.
ಫ್ಯಾಕ್ಟರಿಯಿಂದ ಸೊಂಟಕ್ಕೆ ಸಿಕ್ಕಿಸಿಕೊಂಡು ತಂದದ್ದು.
ಸೂಪರ್‌ವೈಸರು ಪದ್ಯ ಓದುವುದಿಲ್ಲ ಎಂಬ ಧೈರ್ಯ.

ಆಮೇಲೆ ಶುರುವಾಯಿತು ನನ್ನ ಪಾಠ.
ಕೈಮೇಲೆ ಕೈ. ಆಮೇಲೆ ಮಣಿಕಟ್ಟು ಮಾತ್ರ.
ಆಮೇಲೆ ಮೊಣಕೈಗೆ ಒಂದು ಬೆರಳು.
ಆಮೇಲೆ ಬೆರಳೂ ತಾಗಬಾರದು, ತೋರಿಸುವುದಷ್ಟೆ.
ಅದೂ ಬೇಡ, ಸುಮ್ಮನಿರಿ, ಎಂದರು.
ಗಂಟೆಗೆ ತೊಂಬತ್ತರ ಕೈಗೆ
ಸುಮ್ಮನಿರುವುದನ್ನು ಯಾರು ಕಲಿಸುತ್ತಾರೆ?
ಸೆರಗಿನಲ್ಲಿ ಸುತ್ತಿಕೊಂಡೆ. ಬೆನ್ನ ಹಿಂದೆ ಕಟ್ಟಿಕೊಂಡೆ.
ಒಂದು ದಿನ ಕೈಯ ಮೇಲೇ ಕೂತುಬಿಟ್ಟೆ.

ಅತ್ತೆ ಬಾಗಿಲಲ್ಲಿ ನಿಂತು
"ಹಾಕಿಬಿಡೇ, ಮಗು ಬೆವರ್ತಾ ಇದೆ."
ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮಳೆಗಾಲದಲ್ಲಿ ಹದಿನೈದು ದಿನ ಜ್ವರ,
ಕಲಿತದ್ದೆಲ್ಲ ಜಾರಿಹೋಯಿತು.
ಮತ್ತೆ ಕೊನೆಯ ಗುಂಡಿ, ಮತ್ತೆ ಅರ್ಧ ತೂರಿದ್ದು.
ಬಸ್ಸು ಗುಂಡಿಗಿಳಿದು ಏಳುವಾಗೆಲ್ಲ ಎಣಿಸುತ್ತಿದ್ದೆ.
ಪೀಣ್ಯ ಬರುವಷ್ಟರಲ್ಲಿ ಮೂವತ್ತು, ಮೂವತ್ತೊಂದು.
ಇವನ ಅಂಗಿಗೆ ಆರೇ ಆರು.
ಪಾಲಿಕೆಯವರು ಈ ಗುಂಡಿ ಮುಚ್ಚುವುದರೊಳಗೆ
ನನ್ನ ಮಗ ಆ ಗುಂಡಿ ಹಾಕುತ್ತಾನೆ ಎಂದು
ಪಕ್ಕದ ಸೀಟಿನ ಸಣ್ಣಲಿಂಗಮ್ಮನ ಹತ್ತಿರ ಪಂದ್ಯ ಕಟ್ಟಿದೆ.

ಇವತ್ತು ಗುರುವಾರ, ಏಳು ನಲವತ್ತು.
ಮೇಲಿನಿಂದ ಕೆಳಕ್ಕೆ ಒಂದೊಂದಾಗಿ ಅವನೇ,
ನಾಲಿಗೆ ತುಟಿಯ ಮೂಲೆಯಲ್ಲಿ.
ನಾನು ಗೋಡೆಗೆ ಒರಗಿದ್ದೆ, ಕೈ ಬೆನ್ನಿಗೂ ಗೋಡೆಗೂ ನಡುವೆ.
ಐದು ಹಾಕಿದ.
ಆರನೆಯದಕ್ಕೆ, ಮೊಟ್ಟಮೊದಲು ಕಲಿತ ಆ ಕೊನೆಯ ಗುಂಡಿಗೆ,
ಕಾಜವಿಲ್ಲ.
ಮೇಲೆ ಕತ್ತಿನ ಹತ್ತಿರ ಒಂದು ಕಾಜ ಖಾಲಿ ಬಾಯಿ ಬಿಟ್ಟಿತ್ತು.

ಲೈನಿನಲ್ಲಾದರೆ ಕೆಂಪು ಸ್ಟಿಕ್ಕರು, ಪೀಸು ವಾಪಸ್.
ಗೋಡೆಯ ಸುಣ್ಣ ಉಗುರಿಗೆ ಬಂತು.

ಅವನು ಆ ಗುಂಡಿಯನ್ನು ಎರಡು ಬೆರಳಲ್ಲಿ ಹಿಡಿದು
ಸ್ವಲ್ಪ ಹೊತ್ತು ತಿರುಗಿಸಿದ, ಬಾಬಿನ್ನಿನಂತೆ.
ಆಮೇಲೆ ಬಿಟ್ಟ. ಚೀಲ ಹೆಗಲಿಗೇರಿಸಿದ.
ಒಂದು ಕಡೆ ಏರಿದ, ಒಂದು ಕಡೆ ಇಳಿದ ಅಂಗಿಯಲ್ಲಿ
ಮೆಟ್ಟಿಲಿಳಿದು ಹೋದ.

"ವಾರೆಯಾಗಿದೆಯಲ್ಲೇ," ಎಂದರು ಅತ್ತೆ.
ಹೌದು, ಎಂದೆ.
ಗೇಟಿಗೆ ಏಳು ನಿಮಿಷ ತಡವಾಯಿತು.