ನೆಣ ಸುಮ್ಮನಾಗೂ ತನಕ

ರವಿವಾರ ಮುಂಜಾನೆ ಬನಹಟ್ಟಿಯ ದಾವಲಸಾಬನ ಅಂಗಡ್ಯಾಗ
ತೊಡಿ ಬೇಡೋರು ಮುಂದ, ಕಾಳಿಜ ಬೇಡೋರು ಅವರ ಹಿಂದ.
ಕಡೀಗೆ ಉಳಿಯೂದು ಎದಿ:
ಪದರ ಪದರ ನೆಣ, ನಡುವ ಒಂದೆಳಿ ಕೆಂಪು,
ಬಿಳಿ ಹಾಸಿನ್ಯಾಗ ತಪ್ಪಿ ಸೇರಿದ ಬಣ್ಣದ ನೂಲಿನಂಗ.
"ಇದನ್ನ ಕೇಳಿ ಒಯ್ಯೋ ಶಾಣ್ಯಾ ನೀ ಒಬ್ಬನ," ಅಂತಾನ,
ಅರ್ಧ ರೇಟು ಹಚ್ಚಿ, ಮ್ಯಾಲೊಂದು ಎಲವು ಒಗೀತಾನ.
ಶಾಣ್ಯಾ ನಾನಲ್ಲ. ನಮ್ಮತ್ತಿ.

ತುಳಜಾಬಾಯಿಗೆ ಕಿವಿ ಕೇಳಂಗಿಲ್ಲ.
ನಲವತ್ತು ವರ್ಷ ಮಗ್ಗದ ಸಪ್ಪಳದಾಗ
ಒಂದೊಂದಾಗಿ ಹೋದುವಂತ:
ಮೊದಲು ಗುಬ್ಬಿ, ಆಮ್ಯಾಲೆ ಹಾಲಿನವನ ಗಂಟಿ,
ಆಮ್ಯಾಲೆ ತನ್ನ ಹೆಸರು.

ಹೆಂಡ್ತಿ ಪಂಢರಪುರದ ಮಾಳಿ ಹಾಕ್ಕೊಂಡಾಳ,
ಒಳಗಿನ ಒಲಿ ಮುಟ್ಟಗೊಡೂದಿಲ್ಲ.
ಹಿತ್ತಲದಾಗ ತಗಡಿನ ಕೆಳಗ
ಮೂರು ಕಲ್ಲು, ಕಬ್ಬಿಣದ ಬಾಣಲಿ, ಅತ್ತಿ, ನಾನು.

ಎಣ್ಣಿ ಬಾಟ್ಲಿ ತಂದಾಗ ಕೈಮ್ಯಾಲೆ ಹೊಡದಿದ್ಲು.
ಕಾದ ಬಾಣಲಿಗೆ ಹಾಕಹೋದ್ರ ಮತ್ತೊಂದು.
"ತಣ್ಣಗಿದ್ದಾಗ ಇಡು. ನೆಣ ಕೆಳಗ, ಕೆಂಪು ಮ್ಯಾಲೆ.
ಅರ್ಧ ವಾಟಗ ನೀರು, ಒಂದು ಚಿಟಿಕಿ ಉಪ್ಪು.
ಉರಿ ಅಂದ್ರ ದೀಪ ಹಚ್ಚಿದಂಗಿರಬೇಕು,
ಕಾಮಣ್ಣನ್ನ ಸುಟ್ಟಂಗಲ್ಲ."
ಎಷ್ಟೊತ್ತು? ಅಂತ ಬೆರಳು ತಿರುವಿ ಕೇಳಿದೆ.
"ಅದ ಹೇಳತೈತಿ," ಅಂದ್ಲು.

ಹೇಳಿದ್ರ ಕೇಳೂದು ಹೆಂಗ? ಓಣಿ ತುಂಬ ಮಗ್ಗ.
ಲಗ್ನದ ಹಂಗಾಮಿನ್ಯಾಗ ರವಿವಾರನೂ ಬಿಡುವಿಲ್ಲ.
ಹಿಂಗಾಗಿ ಎಷ್ಟೋ ವಾರ ಅಂದಾಜಿನ ಅಡಗಿ ಮಾಡಿದೆ:
ಒಮ್ಮೆ ಮ್ಯಾಲೆ ಕರಕ ಒಳಗ ರಬ್ಬರ್,
ಒಮ್ಮೆ ಬಾಯಿ ತುಂಬ ಜಿಡ್ಡು.
ಅತ್ತಿ ಏನೂ ಅನ್ನಲಿಲ್ಲ. ರೊಟ್ಟಿಗೆ ಚಟ್ನಿ ಹಚ್ಚಿಕೊಂಡ್ಲು.

ಒಂದಿನ ಹನ್ನೊಂದಕ್ಕ ಕರೆಂಟ್ ಹೋತು.
ಓಣಿ ಉದ್ದಕ್ಕೂ ಮಗ್ಗ ಒಂದರ ಹಿಂದೊಂದು ನಿಂತುವು,
ಯಾರದೋ ಮನಿಯಾಗ ಕೂಸು ಅಳೂದು ಕೇಳಿಸ್ತು,
ಆಮ್ಯಾಲೆ, ಬಾಣಲಿ.
ಅತ್ತಿ ನನ್ನ ಮಾರಿ ನೋಡಿದ್ಲು.
"ಏನಂತೈತಿ?"

ಬಾಯಿಲೆ ಹೇಳಿ ಉಪಯೋಗಿಲ್ಲ. ಅಕಿ ಮಣಿಕಟ್ಟು ಹಿಡದು
ಬೆರಳಿಂದ ಬಡದೆ: ದಪ್ಪಗ, ನಿಧಾನ, ಗುಳುಕ್, ಗುಳುಕ್.
"ಅದಿನ್ನೂ ನೀರು. ನೀರಿನ ಮಾತು ನಂಬಬ್ಯಾಡ."
ಒಂದು ಕಟಗಿ ಹಿಂದಕ್ಕೆಳದ್ಲು.
ಮತ್ತ ಬಡದೆ: ಚಟ್, ಚಟ್‌ಚಟ್, ತಡದು ಒಂದು ಚಟ್.
"ಹೂಂ, ಈಗ ಹೊಳ್ಳಿಸು."
ಆಮ್ಯಾಲೆ ಸೋನಿ ಮಳಿ ಹಿಡದಂಗ ಒಂದೇ ಸಮ,
ಹತ್ತೂ ಬೆರಳು ಬೇಕಾದುವು.
ಹನ್ನೆರಡು ವರ್ಷದ ಅಳಿಯ ನಾನು,
ಅಕಿ ಕೈಮ್ಯಾಲೆ ನನ್ನ ಕೈ ಅಷ್ಟೊತ್ತು ಎಂದೂ ಇದ್ದಿದ್ದಿಲ್ಲ.
"ಕೈಮಗ್ಗ ಇದ್ದಾಗ ಇಷ್ಟೂ ಕೇಳಿಸ್ತಿತ್ತು," ಅಂದ್ಲು,
ಬಾಣಲಿ ಕಡೆ ನೋಡಲಿಲ್ಲ.
ಮಳಿ ಇಳೀತು. ಬೆರಳು ಒಂದೊಂದ ನಿಂತುವು.
ಕಡೀಗೆ ಬಡೀಲಿಕ್ಕೆ ಏನೂ ಉಳೀಲಿಲ್ಲ.
"ಸುಮ್ಮನಾತೇನು?"
ಹೂಂ ಅಂತ ತಲಿ ಆಡಿಸಿದೆ.
"ಹಂಗಾರ ಆತು. ನೆಣ ಬಸಿ."

ತಿಳಿಜೇನಿನಂಥಾ ನೆಣ ಸ್ಟೀಲ್ ವಾಟಗಕ್ಕ ಇಳೀತು.
ಎರಡು ಚಮಚ ತಿರುಗಿ ಬಾಣಲಿಗೆ:
ಉಳ್ಳಾಗಡ್ಡಿ, ಸುಟ್ಟ ಒಣಕೊಬ್ಬರಿ, ಮಸಾಲಿ ಖಾರ,
ತುಂಡು ಮುಳುಗೂವಷ್ಟು ನೀರು, ಎಲವು ಬಿಡೂ ತನಕ ಮುಚ್ಚಳ,
ಕಡೀಗೆ ಒಂದು ಹಿಡಿ ಪುಂಡಿಪಲ್ಯ.
"ಸಂಸಾರಕ್ಕ ಜಗಳ ಬೇಕಾದಂಗ ನೆಣಕ್ಕ ಹುಳಿ ಬೇಕು."
ಉಳಿದ ನೆಣ ರೊಟ್ಟಿಗೆ, ಒಡದ ಹಿಮ್ಮಡಿಗೆ,
ಒಂದು ಬಟ್ಟು ಲಾಳಿ ಓಡೂ ಹಾದಿಗೆ.
(ಸಾವಕಾರ ಒಮ್ಮೆ ಸೀರಿ ಮೂಸಿ ನೋಡಿದ,
"ಮನಿಯಾಗ ಬೀಗರು ಬಂದಿದ್ರೇನು?" ಅಂದ.)

ಎರಡೂವರಿಗೆ ಕರೆಂಟ್ ಬಂತು. ಓಣಿ ಎದ್ದು ಗುದ್ದಲಿಕ್ಕತ್ತಿತು.
ಅತ್ತಿ ತಾಟು ಕೆಂಡದ ಮ್ಯಾಲೆ ಬೋರಲ ಹಾಕಿ ಕಾಸಿದ್ಲು.
ತಣ್ಣನ ತಾಟಿನ್ಯಾಗ ನೆಣ ಮೇಣ ಆಗತೈತಿ,
ಅಂಗಳಕ್ಕ ಅಂಟತೈತಿ.
ಹಿತ್ತಲದ ನೆಲ ನಡುಗಲಿಕ್ಕತ್ತಿತ್ತು,
ಅಕಿ ಬರಿಗಾಲಿಲೆ ನಿಂತಿದ್ಲು.
ಬಿಸಿ ತಾಟು ನನ್ನ ಮುಂದಿಟ್ಟು ಕೇಳಿದ್ಲು:
"ಕರೆಂಟ್ ಇನ್ನೂ ಬಂದಿಲ್ಲಲ್ಲ?"

ಇಲ್ಲ ಅಂತ ತಲಿ ಆಡಿಸಿದೆ.
ರೊಟ್ಟಿ ಮುರದು ಎದುರಿಗೆ ಕುಂತ್ಲು.