ಹಿಂದಿನ ತಟ್ಟೆ

ಕಾಡಾನೆ ಬೈನೆ ಮರ ಕೆಡವಿತು,
ಮರ ಲೈನಿನ ಮೇಲೆ ಬಿತ್ತು,
ಶ್ರೀಮಂಗಲದ ಈ ಬದಿಗೆ ಐದು ದಿನ ಕರೆಂಟಿಲ್ಲ.
ಆನೆಗೆ ಬೇಕಿದ್ದದ್ದು ತಿರುಳು ಮಾತ್ರ.
ಆ ಐದೂ ದಿನ ನಾನು ತಿಪಟೂರಿನಲ್ಲಿ
ಅಕ್ಕನ ಕೂಸಿನ ತೊಟ್ಟಿಲು ತೂಗುತ್ತಿದ್ದೆ.

ಬಂದು ಬೀಗ ತೆಗೆದರೆ
ಒಳಗೆ ಯಾರೋ ಇದ್ದಾರೆ ಅನ್ನಿಸಿತು.
ವಾಸನೆ ಹಾಗೆ ನಿಂತಿತ್ತು,
ಅಡುಗೆಮನೆಯ ಬಾಗಿಲಿಗೆ ಒರಗಿ,
ಬಾಡಿಗೆ ಕೇಳಲು ಬಂದವರಂತೆ.

ಡಬ್ಬಿ ನನ್ನದಲ್ಲ.
ಮನೆಯ ಒಡತಿ ಚೋಂದಮ್ಮಕ್ಕನದು.
‘ನಮ್ಮ ಫ್ರೀಜರಿನಲ್ಲಿ ಜಾಗವಿಲ್ಲ, ನೆಂಟರು ಬರ್ತಾರೆ,
ನಾಲ್ಕು ದಿನ ಇಟ್ಕೊ ವಿಶಾಲು.
ಮೂರು ಕವರು ಸುತ್ತಿದ್ದೇನೆ, ನಿನ್ನ ಮೊಸರಿಗೆ ತಾಗುವುದಿಲ್ಲ.’
ಒಳಗೇನೆಂದು ನಾನು ಕೇಳಲಿಲ್ಲ.
ಅವರೂ ಹೇಳಲಿಲ್ಲ.
ಎರಡು ಮನೆಗೆ ಒಂದೇ ಗೋಡೆಯಿದ್ದಾಗ
ಕೆಲವು ಮಾತನ್ನು ಹಾಗೇ ಆಡಬೇಕು.

ಮೂಗಿಗೆ ಸೆರಗು ಕಟ್ಟಿ, ಇಕ್ಕಳದಲ್ಲಿ ಹಿಡಿದು,
ಹಿತ್ತಲ ಕಾಫಿ ಗಿಡದ ಬುಡದಲ್ಲಿ ಹೂತೆ.
ನಾಯಿ ಕೆದಕದಂತೆ ಕಲ್ಲು ಹೇರಿದೆ.
ಮೇಲೆ ಗಿಡವೆಲ್ಲ ಬಿಳಿ ಹೂ,
ಮಲ್ಲಿಗೆಯ ತಂಗಿಯಂಥ ಘಮ,
ಕೆಳಗೆ ಇದು.

ಆಮೇಲೆ ಶುರು.
ಸೋಪಿನ ನೀರು. ಅಡುಗೆ ಸೋಡಾ. ಕಿತ್ತಳೆ ಸಿಪ್ಪೆ.
ತಟ್ಟುಗಳನ್ನೆಲ್ಲ ಕಳಚಿ ಬಿಸಿಲಿಗೆ ಒಡ್ಡಿದ್ದಾಯಿತು.
ಬಾಗಿಲ ರಬ್ಬರಿನ ಮಡಿಕೆಗೆ ಹಳೆಯ ಬ್ರಷ್ಷು ಹಾಕಿ
ಹಲ್ಲುಜ್ಜಿಸಿದೆ, ಹಠದ ಮಗುವಿಗೆ ಉಜ್ಜಿಸಿದಂತೆ.
ಮೂಲೆಗೆ ಇದ್ದಿಲು. ಪೇಪರಿನ ಉಂಡೆಗಳು.
ಬೆಳಿಗ್ಗೆ ಬಾಗಿಲು ತೆರೆದರೆ
ಅದು ಇನ್ನೂ ಅಲ್ಲೇ,
ತುಸು ಕಿತ್ತಳೆ ತಿಂದುಕೊಂಡು.

ಪೋಸ್ಟ್ ಆಫೀಸಿನಲ್ಲಿ ನನ್ನದೇ ಕೈ ಮೂಸಿಕೊಂಡೆ,
ಸ್ಟ್ಯಾಂಪು ಕೊಡುವ ಮೊದಲು, ಕೊಟ್ಟ ಮೇಲೆ.

ಮೂರನೆಯ ದಿನ ಚೋಂದಮ್ಮಕ್ಕ ಹೊಸಿಲಲ್ಲಿ.
‘ಎಂತದು ವಾಸನೆ?’
‘ಏನಿಲ್ಲ ಅಕ್ಕ, ಮೊಸರು ಕೆಟ್ಟಿತ್ತು.’
ಅವರು ಒಮ್ಮೆ ಮೂಗೆಳೆದರು.
‘ನಿಮ್ಮೂರ ಮೊಸರಿಗೆ ಎಲುಬು ಇರ್ತದಾ?’

ನಕ್ಕವರು ಯಾರು ಮೊದಲು, ನೆನಪಿಲ್ಲ.
ನೆಲದಲ್ಲಿ ಕೂತು ನಗುತ್ತಿದ್ದೆವು, ಇಬ್ಬರೂ,
ಫ್ರಿಜ್ಜಿನ ಮುಂದೆ, ಮಂಡಿಯೂರಿ.

ಅವರು ಕಾಚಂಪುಳಿಯ ಶೀಸೆ ತಂದರು.
ಡಾಂಬರಿನಂಥ ಹುಳಿ. ಒಂದು ಚಮಚ, ಒಂದು ಚೊಂಬು ನೀರಿಗೆ.
‘ಹಂದಿಗೆ ಹಾಕುವುದೇ ಇದನ್ನ,
ಅದರ ಮಾತು ಇದಕ್ಕೆ ಅರ್ಥವಾಗ್ತದೆ.’
ಬಿಳಿಯ ಒಳಗೋಡೆ ಚಹಾ ಬಣ್ಣಕ್ಕೆ ತಿರುಗಿತು.
ಕೊಳೆತದ್ದು ಹಿಂದೆ ಸರಿದು
ಯಾರದೋ ಹಬ್ಬದೂಟದ ಹುಳಿ ಮುಂದೆ ಬಂತು.
ಹೇಳಬಾರದು, ಹೇಳುತ್ತೇನೆ:
ನನಗೆ ಹಸಿವಾಯಿತು.

ರಾತ್ರಿಗೆ ಮತ್ತೆ ಅದೇ ನಾತ.

ಕೊನೆಗೆ ಕುಟ್ಟದಿಂದ ಮೊಯಿದು ಬಂದ.
ಒಳಗೆ ನೋಡಲೇ ಇಲ್ಲ.
ಫ್ರಿಜ್ಜನ್ನು ಗೋಡೆಯಿಂದ ಎಳೆದು, ಬೆನ್ನು ತಿರುಗಿಸಿ,
ಕಂಪ್ರೆಸರಿನ ಮೇಲಿನ ಪುಟ್ಟ ತಟ್ಟೆ ಕಳಚಿ ತೋರಿಸಿದ.
ಎರಡು ಬೆರಳು ಕಪ್ಪು ನೀರು.
‘ಒಳಗಿನದೆಲ್ಲ ಕರಗಿ ಇಲ್ಲಿಗೆ ಇಳಿಯುವುದು.
ಎಲ್ಲರೂ ಮುಂದೆಯೇ ಉಜ್ತಾರೆ.’
ಇನ್ನೂರು ರೂಪಾಯಿ ಮಡಚಿಟ್ಟುಕೊಂಡು ಹೋದ.

ಆ ಮೇಲೆ ಎರಡು ಹಗಲು
ಫ್ರಿಜ್ಜು ಜಗಲಿಯಲ್ಲಿ ಬಾಗಿಲು ತೆರೆದು ಕೂತಿತ್ತು.
ನಡುತಟ್ಟಿನಲ್ಲಿ ಬಟ್ಟಲ ತುಂಬ ಕಾಫಿಪುಡಿ,
ಅಕ್ಕ ಮನೆಯಲ್ಲೇ ಹುರಿದದ್ದು.
ಹಿತ್ತಲ ಹೂವಿನಿಂದ ದಾರಿ ತಪ್ಪಿದ ಎರಡು ಜೇನು
ಒಳಹೊಕ್ಕು, ಮೊಟ್ಟೆಯ ಗುಳಿಗಳನ್ನು
(ನಾನು ನಿಂಬೆಹಣ್ಣು ಇಡುವುದು)
ಒಂದೊಂದಾಗಿ ತನಿಖೆ ಮಾಡಿ
ಏನೂ ಬರೆದುಕೊಳ್ಳದೆ ಹೊರಟವು.

ಈಗ ಮೊಸರು ತುಸು ಕಾಫಿ ನಾರುತ್ತದೆ,
ಅಷ್ಟೆ. ಅದು ರೂಢಿಯಾಗುತ್ತದೆ.

ನಿನ್ನೆ ಅಕ್ಕ ಮತ್ತೆ ಬಂದರು,
ಕೈಯಲ್ಲಿ ಅದೇ ಅಳತೆಯ ಡಬ್ಬಿ.
‘ನಾಲ್ಕೇ ದಿನ.’
ಈ ಸಲ ಕೇಳಿದೆ, ಒಳಗೇನು?
ಹೇಳಿದರು.
ನಿಂಬೆಹಣ್ಣು, ಸೊಪ್ಪು ಅತ್ತ ಸರಿಸಿ
ಜಾಗ ಮಾಡಿದೆ.