ಯಾಕ

ನಿಟುವಳ್ಳಿ ರಸ್ತೆಯ ನನ್ನ ಹೊಲಿಗೆ ಅಂಗಡಿಗೆ
ಆ ಹುಡುಗಿ ಮೂರು ಮೀಟರು ಬಟ್ಟೆ ತಂದಳು,
ಅರಿಶಿಣದ ಮೇಲೆ ನೀಲಿ ಬೀಸಣಿಗೆಗಳು,
ದಾವಣಗೆರೆಯ ಬಿಸಿಲಿಗೆ ಹೇಳಿ ಮಾಡಿಸಿದ್ದು.
ಫಾರ್ಮಸಿ ಓದುವವಳು, ಕಾಂಗೋ ದೇಶ, ಹೆಸರು ಮರ್ವೆ.
ಭುಜದ ಅಳತೆ ಹಿಡಿದರೆ ಕಚಗುಳಿಯೆಂದು ನಕ್ಕಳು.
ಮಾರ್ಕೆಟ್ಟಿಗೆ ಹೋಗಿ ಬರುತ್ತೇನೆಂದು
ಫೋನನ್ನು ನನ್ನ ಪ್ಲಗ್ಗಿಗೆ ಸಿಕ್ಕಿಸಿ ಹೋದಳು;
ಹಾಡು ನಿಲ್ಲಿಸಲು ಮರೆತಳೋ, ಬೇಕೆಂದೇ ಬಿಟ್ಟಳೋ.

ಮೊದಲು ಒಬ್ಬ ಗಂಡಸು. ಬೇಡುವ ದನಿ.
ಮಾತು ತಿಳಿಯದು. ಆದರೂ ತಿಳಿಯುತ್ತದಲ್ಲ,
ತಪ್ಪು ಮಾಡಿ ಬಾಗಿಲ ಹೊರಗೆ ನಿಂತವನ ದನಿ
ಯಾವ ಊರಲ್ಲೂ ಒಂದೇ ಮಗ್ಗದ ನೇಯ್ಗೆ.
ನಡುನಡುವೆ, ಆಣೆ ಮಾಡಿ ಹೇಳುತ್ತೇನೆ,
ನಮ್ಮದೇ ಮಾತು: ‘ಯಾಕ... ಯಾಕ...’
ಯಾಕ ಅಂದರೆ ಏನು ಹೇಳಲಪ್ಪಾ ನಿನಗೆ?
ಕಾಲರಿನ ಕ್ಯಾನ್ವಾಸು ಕತ್ತರಿಸುತ್ತ
ಅಷ್ಟಕ್ಕೂ ಉತ್ತರ ಕೊಟ್ಟೆ:
ಸುಮ್ಮನೆ. ಹಂಗೇ. ನನ್ನ ಮನಸ್ಸು. ನಿನಗ್ಯಾಕ.

ಆಮೇಲೆ ಗಿಟಾರು ಬಂತು.
ಒಂದಲ್ಲ, ಮೂರೋ ನಾಲ್ಕೋ, ಒಂದರ ಬಾಲ ಒಂದು ಹಿಡಿದು,
ಭಟ್ಟಿಯಲ್ಲಿ ಮಂಡಕ್ಕಿ ಅರಳಿದಂತೆ ಪಟಪಟ ಪಟಪಟ.
ನನ್ನ ಕಾಲು ಮಿಷನ್ನಿನ ಪೆಡಲಿನ ಮೇಲಿತ್ತು.
ಅದು ನನ್ನನ್ನು ಕೇಳಲಿಲ್ಲ.
ಐವತ್ತಮೂರು ವರ್ಷದ, ಹಿಮ್ಮಡಿ ಒಡೆದ ಕಾಲು,
ತನ್ನ ಮದುವೆಯ ಮೆರವಣಿಗೆಯಲ್ಲೂ ಕುಣಿಯದ ಕಾಲು,
ತೋಳು, ಕಂಕುಳು, ಸೊಂಟದ ತಿರುವು
ಒಂದೇ ಉಸಿರಿಗೆ ಹೊಲಿದು, ಬಟ್ಟೆ ಮುಗಿದರೂ ಹೊಲಿದು,
ಕೆಳದಾರ ತೀರಿ
ಸೂಜಿ ಬರೀ ತೂತು ಹಾಕುತ್ತಿತ್ತು.

ಗುಂಡಿ ಹಚ್ಚುತ್ತಿದ್ದ ಬಕ್ಕೇಶ, ನನ್ನ ಗಂಡ,
ಮಿಲ್ಲು ಮುಚ್ಚಿದ ಮೇಲೆ ಬಂದು
ನನಗೆ ಬೆನ್ನು ಹಾಕಿಯೇ ಮೂವತ್ತು ವರ್ಷ ಕೂತವನು,
(ಮಿಲ್ಲಿಗೆ ಹೋಗುವಾಗ ಸಿಳ್ಳೆ ಹಾಕುತ್ತಿದ್ದ, ಚಂದ ಹಾಕುತ್ತಿದ್ದ)
ತಿರುಗಿ ನೋಡಿದ. ‘ಯಾಕ?’ ಅಂದ.
ಹಾಡೂ ‘ಯಾಕ’ ಅಂತು. ನನಗೆ ನಗು ತಡೆಯಲಿಲ್ಲ.
ಅವನಿಗೇನೂ ತಿಳಿಯಲಿಲ್ಲ; ಆದರೂ ಕೈಯ ಕತ್ತರಿ
ಹಲಗೆಯ ಮೇಲೆ ಸಣ್ಣಗೆ ತಾಳ ಹಾಕಿದ್ದನ್ನು ನಾನು ಕಂಡೆ.

ಮರ್ವೆ ಬಂದಳು, ಸೊಪ್ಪಿನ ಕಟ್ಟು ಕಂಕುಳಲ್ಲಿ.
ಬಿಚ್ಚಿ ಮತ್ತೆ ಹೊಲಿಯಬೇಕವ್ವ, ನಾಳೆ ಬಾ ಅಂದೆ.
ಏನಂತಾನೆ ಇವನು, ಅಂತಲೂ ಕೇಳಿದೆ.
ಹರಕು ಕನ್ನಡದಲ್ಲಿ ಎಲ್ಲ ಹೇಳಹೊರಟಳು.
ಬೇಡ, ಬೇಡ, ಅದೊಂದು ಪದ ಸಾಕು ಅಂದೆ.
‘ಯಾಕ? ಯಾಕ ಅಂದ್ರೆ ಬಾ, ಆಂಟಿ.
ಬಾ, ಬಾ ಅಂತಾನೆ.’

ರಾತ್ರಿ ಒಂಬತ್ತೂವರೆ. ಅರ್ಧ ಇಳಿದ ಶಟರು.
ಬಕ್ಕೇಶ ಹೊರಗೆ ಸ್ಕೂಟರು ಚಾಲೂ ಮಾಡಿ ನಿಂತಿದ್ದಾನೆ.
ನಾನು ಎಂದಿನಂತೆ ತಡ:
ಸೀಮೆಸುಣ್ಣ, ಟೇಪು, ಎಲ್ಲೋ ಬಿದ್ದ ಒಂದು ಸೂಜಿ.
ಎಂದಿನಂತೆ ಕೂಗಿದ, ಅದೇ ಸಿಡುಕಿನಲ್ಲಿ:
‘ಯಾಕ?’

ಬಂದೆ, ಅಂದೆ.
ದೀಪ ಆರಿಸಿದೆ.
ಸೂಜಿ ಅಲ್ಲೇ ಬಿದ್ದಿರಲಿ.